ಶಾಖವನ್ನು ಕುಡಿಯುವ ಇಂಧನ

ಬಂಗಾರಪೇಟೆಯಿಂದ ಮಾರಿಕುಪ್ಪಮಿನ ಕಡೆಗೆ ರೈಲಿನಲ್ಲಿ ಹೊರಟವರಿಗೆ ಕೋಲಾರದ ಚಿನ್ನದ ಗಣಿಗಳ ಸಯನೈಡ್ ದಿಬ್ಬಗಳು ಗೋಚರಿಸುತ್ತವೆ. 2001ರಲ್ಲಿ ಮುಚ್ಚಿದ ಈ ಗಣಿಗಳ ಪೈಕಿ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಅದರ ತಳದಲ್ಲಿ ಬಂಡೆಯ ಉಷ್ಣತೆ ಸುಮಾರು 65 ಡಿಗ್ರಿ ಸೆಂಟಿಗ್ರೇಡ್. ಶಾಖವು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆಂಬುದು ಸರ್ವವಿದಿತ. ಸುತ್ತಲೂ ದೇಹಕ್ಕಿಂತ ಬಿಸಿಯಾಗಿದ್ದರೆ ದೇಹದ ಶಾಖ ಹೋಗುವುದೆಲ್ಲಿಗೆ? ಆಗ ಉಳಿಯುವ ಉಪಾಯ ಬೆವರೊಂದೇ. ಅದು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಗಾಳಿ ತೇವದಿಂದ ತುಂಬಿದ್ದರೆ ಆ ಉಪಾಯವೂ ಸೋಲುತ್ತದೆ. ಆದುದರಿಂದಲೇ ಗಣಿಯೊಳಕ್ಕೆ ತಂಪುಗೊಳಿಸಿದ ಗಾಳಿಯನ್ನು ಕಳುಹಿಸಬೇಕಾಯಿತು.

ಶಬ್ದದ ಆರು ಮಡಿ ವೇಗದಲ್ಲಿ ಹಾರುವ ವಾಹನಕ್ಕೂ ಇದೇ ಸಂಕಟ. ಅಂಥ ವೇಗದಲ್ಲಿ, ಎದುರಿನ ಗಾಳಿಯಲ್ಲಿಯೇ ಇಂಧನವನ್ನು ಉರಿಸುವ ಎಂಜಿನ್ನಿಗೆ ಸ್ಕ್ರಾಮ್‌ಜೆಟ್ ಎಂದು ಹೆಸರು. ಆ ಗಾಳಿಯನ್ನು ತಡೆದು ನಿಲ್ಲಿಸಿದರೆ ಅದರ ಉಷ್ಣತೆ ಸುಮಾರು 1,500 ಡಿಗ್ರಿಗೇರುತ್ತದೆ. ಇಂಥ ಗಾಳಿಯಿಂದ ಎಂಜಿನ್ನನ್ನು ತಣಿಸುವುದು ಅಸಾಧ್ಯ. ವಾಹನದಲ್ಲಿರುವ ತಣ್ಣನೆಯ ದ್ರವ ಇಂಧನವೊಂದೇ. ಆದಕಾರಣ ಅದನ್ನು ಉರಿಸುವುದಕ್ಕೆ ಮೊದಲು ಎಂಜಿನ್ನಿನ ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿಸುತ್ತಾರೆ.

ಇಂಧನ ಬಿಸಿಯಾಗುವುದರಿಂದಲೇ ಸ್ವಲ್ಪ ಶಾಖ ಹೀರಲ್ಪಡುತ್ತದೆ. ಅಣುವನ್ನು ಒಡೆದರೆ ಅಥವಾ ಅದರಿಂದ ಜಲಜನಕವನ್ನು ಬೇರ್ಪಡಿಸಿದರೆ ಇನ್ನೂ ಹೆಚ್ಚು ಶಾಖ ವ್ಯಯವಾಗುತ್ತದೆ. ಇಂಥವು ಅಂತರುಷ್ಣಕ ಕ್ರಿಯೆಗಳು. ಮೀಥೈಲ್ ಸೈಕ್ಲೊಹೆಕ್ಸೇನ್ ಪ್ಲಾಟಿನಂ ವೇಗವರ್ಧಕದ ಮೇಲೆ ಟಾಲ್ವೀನ್ ಮತ್ತು ಜಲಜನಕವಾಗುವಾಗ, ಕಿಲೋಗ್ರಾಮಿಗೆ ಸುಮಾರು 2,100 ಕಿಲೋಜೌಲ್ ಶಾಖವನ್ನು ಹೀರುತ್ತದೆ. ಕುದಿಯುವ ನೀರು ಆವಿಯಾಗಲು ಬೇಕಾದುದು 2,260. ಇದನ್ನು ಎಂಜಿನ್ನಿನ ಬೆವರೆಂದರೆ ತಪ್ಪಾಗಲಾರದು!

ಇಲ್ಲೊಂದು ತಪ್ಪು ತಿಳುವಳಿಕೆಗೆ ಅವಕಾಶವುಂಟು. ಗೊತ್ತಾದ ಒಂದು ಕ್ರಿಯೆ ಹೀರುವ ಶಾಖವನ್ನು ವೇಗವರ್ಧಕವು ಒಂದು ಕಿಲೋಜೌಲಿನಷ್ಟೂ ಹೆಚ್ಚಿಸಲಾರದು. ಆದಿ, ಅಂತ್ಯಗಳೆರಡೂ ಅವೇ ಆಗಿದ್ದರೆ ಶಾಖವೂ ಅಷ್ಟೇ. ಹಾಗಾದರೆ ಅದರ ಪ್ರಯೋಜನವೇನು? ಮೊದಲನೆಯದಾಗಿ, ಇಂಧನ ಕಾಲುವೆಯಲ್ಲಿರುವುದು ಅತ್ಯಲ್ಪ ಕಾಲ; ಆ ಅವಧಿಯಲ್ಲಿ, ಕಡಿಮೆ ಉಷ್ಣತೆಯಲ್ಲಿಯೇ, ಕ್ರಿಯೆ ಮುಗಿಯುವಂತೆ ಅದು ಮಾಡುತ್ತದೆ. ಎರಡನೆಯದಾಗಿ, ಒಂದೇ ಅಣು ಹಲವು ವಿಧವಾಗಿ ಒಡೆಯಬಲ್ಲದು. ಎಥಿಲೀನ್ ಉಂಟಾದರೆ ಹೆಚ್ಚು ಶಾಖ ಹೀರಲ್ಪಡುತ್ತದೆ. ಮೀಥೇನ್ ಮತ್ತು ಇಂಗಾಲವಾದರೆ ಲಾಭ ಕುಗ್ಗುತ್ತದೆ. ಅಣುಗಾತ್ರದ ರಂಧ್ರಗಳುಳ್ಳ ಜಿಯೊಲೈಟ್‌ಗಳು ಲಾಭದ ದಾರಿಯ ಕಡೆಗೆ ಕ್ರಿಯೆಯನ್ನು ತಿರುಗಿಸಬಲ್ಲವು. ಅಲ್ಲದೆ ಎಥಿಲೀನ್, ಜಲಜನಕಗಳು ಬೇಗನೆ ಹೊತ್ತಿಕೊಳ್ಳುತ್ತವೆ.

ಅಪಾಯವಿರುವುದು ಇಂಗಾಲದಲ್ಲಿ. ಕೋಕ್ ರೂಪದಲ್ಲಿ ಅದು ಜಿಯೊಲೈಟಿನ ರಂಧ್ರಗಳನ್ನು ಮುಚ್ಚಿ, ಕಾಲುವೆಯನ್ನು ಕಿರಿದು ಮಾಡುತ್ತದೆ. ಹರಿವು ನಿಂತರೆ ಗೋಡೆಯೇ ಕರಗೀತು.

ಭಾರತದಲ್ಲಿಯೂ ಈ ಕಾರ್ಯ ನಡೆದಿದೆ. 2020ರ ಸೆಪ್ಟೆಂಬರ್ 7ರಂದು ಹಾರಿದ ನಮ್ಮ ಪ್ರಯೋಗವಾಹನದ ಸ್ಕ್ರಾಮ್‌ಜೆಟ್ 20 ಸೆಕೆಂಡಿಗೂ ಮೀರಿ ಉರಿಯಿತು. ಹೈದರಾಬಾದಿನ ರಕ್ಷಣಾ ಸಂಶೋಧನ ಪ್ರಯೋಗಾಲಯವು ಅಂತರುಷ್ಣಕ ಇಂಧನವನ್ನು ರೂಪಿಸಿ, ತಣಿಸಲ್ಪಟ್ಟ ದಹನಕೋಶವನ್ನು ನೆಲದ ಮೇಲೆ 120 ಸೆಕೆಂಡು ನಡೆಸಿದುದನ್ನು 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಸಣ್ಣ ಪ್ರಮಾಣದ ದಹನಕೋಶವೊಂದು 1,000 ಸೆಕೆಂಡುಗಳನ್ನು ದಾಟಿತು. ಶಾಖವನ್ನು ಯಥೇಚ್ಛವಾಗಿ ಹೀರಿಸಿ, ಕೋಕನ್ನು ಮಾತ್ರ ದೂರವಿಡುವ ವೇಗವರ್ಧಕದ ಅನ್ವೇಷಣೆ ನಮ್ಮ ವಿದ್ಯಾರ್ಥಿಗಳ ಪಾಲಿಗೂ ತೆರೆದಿರುವ ಕೆಲಸ.