ಸಾವಿರ ವಾಟ್ ಯಾಕೆ ಬೇಕು?

ಗೇಮಿಂಗ್ ಪಿಸಿ ಕಟ್ಟೋಕೆ ಕೂತರೆ ನಾವೆಲ್ಲ ಗ್ರಾಫಿಕ್ಸ್ ಕಾರ್ಡಿಗೇ ದುಡ್ಡು ಸುರಿದು, ಉಳಿದ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ ಹುಡುಕುತ್ತೇವೆ. ಲೆಕ್ಕ ನೋಡಿ: ಆರ್‌ಟಿಎಕ್ಸ್ 4090 ಒಂದಕ್ಕೇ 450 ವಾಟ್. ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರಿನ ಟಿಡಿಪಿ 120. ಫ್ಯಾನು, ರ‍್ಯಾಮು, ಎಸ್‌ಎಸ್‌ಡಿ ಸೇರಿದರೆ 650ರ ಆಸುಪಾಸು. ಹಾಗಂತ 650 ವಾಟಿನದ್ದೇ ತಂದರೆ ಆಟದ ಮಧ್ಯೆ ಪಿಸಿ ಪಟ್ಟಂತ ಆಫ್ ಆಗಬಹುದು! ಕಾರ್ಡು ಕೆಲವೇ ಮಿಲಿಸೆಕೆಂಡು ಮಿತಿ ಮೀರಿ ಕರೆಂಟ್ ಎಳೆದರೂ ಸಾಕು, ಸಪ್ಲೈ ತನ್ನ ರಕ್ಷಣೆಗೆ ಟ್ರಿಪ್ ಆಗುತ್ತದೆ. ಎನ್‌ವಿಡಿಯಾ ಹೇಳೋದೇ 850. ನಾವಾದರೆ 1000 ಅಂತೀವಿ.

ಡಬ್ಬದ ಮೇಲಿನ '80 ಪ್ಲಸ್ ಗೋಲ್ಡ್' ದಕ್ಷತೆಯ ಗುರುತು ಮಾತ್ರ, ಒಳಗಿನ ಕೆಪಾಸಿಟರುಗಳಿಗೆ ಗ್ಯಾರಂಟಿ ಅಲ್ಲ. 16 ಪಿನ್ನಿನ ಕನೆಕ್ಟರನ್ನಂತೂ ಪೂರ್ತಿ ಒಳಗೆ ಕೂರುವವರೆಗೂ ಒತ್ತಿ. 2022ರಲ್ಲಿ ಅರೆಬರೆ ಕೂತ ಕನೆಕ್ಟರುಗಳು ಬಿಸಿಯಾಗಿ ಕರಗಿದ್ದವು.