ನಿಮಗಿದು ಗೊತ್ತೆ? ಕಂಪ್ಲಿಯ ವೀರ ಸೋತೂ ದೇವರಾದ
ಕಂಪ್ಲಿ ರಾಜ್ಯದ ಗಂಡುಗಲಿ ಕುಮಾರರಾಮ ದೆಹಲಿ ಸೇನೆಯೆದುರು ಸೋತು ಮಡಿದ. ಆದರೂ ಜನ ಅವನನ್ನು ದೇವರಾಗಿಸಿದರು. ಮರದಲ್ಲಿ ಕೆತ್ತಿದ ಅವನ ರುಂಡಕ್ಕೆ ಹಲವು ಊರುಗಳಲ್ಲಿ ಪೂಜೆ ಸಲ್ಲುತ್ತದೆ. ಸೋತ ಈ ವೀರನನ್ನು ಕಾಪಾಡುವ ಬೇರೆ ನಾಯಕರೊಂದಿಗೆ ಹೋಲಿಸಿ ನೋಡಿ. 1938ರಲ್ಲಿ ಕಾಮಿಕ್ಸ್‌ಗೆ ಬಂದ ಸೂಪರ್‌ಮ್ಯಾನ್ ಕಾಪಾಡುವುದು ಗೆದ್ದು. ಕ್ರೈಸ್ತರ ನಂಬಿಕೆಯಲ್ಲಿ ಯೇಸು ಕಾಪಾಡುವುದು ಶಿಲುಬೆಯಲ್ಲಿ ಸತ್ತು, ಮತ್ತೆ ಎದ್ದು. ಹಾಗೆ ನೋಡಿದರೆ ಶಿಲುಬೆಯ ಕಥೆಗೆ ಸೂಪರ್‌ಮ್ಯಾನ್‌ಗಿಂತ ನಮ್ಮ ಕುಮಾರರಾಮನೇ ಹತ್ತಿರ. ಸೂಪರ್‌ಮ್ಯಾನ್ ಕೂಡ ಸತ್ತು ಎದ್ದನಲ್ಲ ಎನ್ನಬಹುದು. ನಿಜ, 1992ರ ಕಥೆಯಲ್ಲಿ ಸತ್ತ. ಆದರೆ ಎದುರಾಳಿಯನ್ನು ಹೊಡೆದುರುಳಿಸಿಯೇ ಸತ್ತ. ಕುಮಾರರಾಮನಿಗೆ ಆ ಗೆಲುವೂ ಇರಲಿಲ್ಲ. ಹಾಗೆಂದು ಯೇಸು, ಕುಮಾರರಾಮ ಇಬ್ಬರನ್ನೂ ಒಂದೇ ಎನ್ನಲಾಗದು: ಯೇಸುವಿನ ಸಾವೇ ಬಿಡುಗಡೆ ಎನ್ನುತ್ತದೆ ಕ್ರೈಸ್ತ ಧರ್ಮ. ಕುಮಾರರಾಮನ ಸಾವು ಕಂಪ್ಲಿಯನ್ನು ಉಳಿಸಲಿಲ್ಲ. 1327ರ ಹೊತ್ತಿಗೆ ಆ ರಾಜ್ಯ ದೆಹಲಿಯ ವಶವಾಯಿತು.