ಮೂಡಲಪಾಯ ಯಕ್ಷಗಾನ: ಜೀವಂತ ಪರಂಪರೆಯ ಸಂರಕ್ಷಣೆ

ಕರ್ನಾಟಕದ ಬಯಲುಸೀಮೆಯ ಗ್ರಾಮಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಬಯಲಾಟದ ಪ್ರಮುಖ ಪ್ರಕಾರಗಳಲ್ಲಿ ಮೂಡಲಪಾಯ ಯಕ್ಷಗಾನವೂ ಒಂದು. ಮೂಡಲು ಎಂದರೆ ಪೂರ್ವ ದಿಕ್ಕು. ಪಾಯ ಎಂದರೆ ಸಂಪ್ರದಾಯ ಅಥವಾ ಶೈಲಿ. ಕರಾವಳಿ ಮತ್ತು ಮಲೆನಾಡಿನ ಯಕ್ಷಗಾನವನ್ನು ಪಡುವಲಪಾಯವೆಂದೂ, ಅದರ ಪೂರ್ವಕ್ಕಿರುವ ತುಮಕೂರು, ಮಂಡ್ಯ, ಮೈಸೂರು, ಹಾಸನ, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಆಟವನ್ನು ಮೂಡಲಪಾಯವೆಂದೂ ವಿದ್ವಾಂಸರು ವಿಂಗಡಿಸಿದ್ದಾರೆ. ಉತ್ತರ ಕರ್ನಾಟಕದ ದೊಡ್ಡಾಟವು ಇದರ ಹತ್ತಿರದ ಬಂಧು. ಪಡುವಲಪಾಯಕ್ಕೆ ದೊರೆತ ಪ್ರಸಿದ್ಧಿ ಮೂಡಲಪಾಯಕ್ಕೆ ದೊರೆಯಲಿಲ್ಲ. ನಗರದ ವಿದ್ಯಾವಂತರ ಗಮನವನ್ನು ಇದರತ್ತ ಸೆಳೆದವರಲ್ಲಿ ಜಾನಪದ ವಿದ್ವಾಂಸ ಜೀ. ಶಂ. ಪರಮಶಿವಯ್ಯನವರು ಮುಖ್ಯರು.

ಈ ಎರಡು ಸಂಪ್ರದಾಯಗಳ ನಡುವಿನ ದೊಡ್ಡ ವ್ಯತ್ಯಾಸ ವೇಷದಲ್ಲಾಗಲಿ ಕುಣಿತದಲ್ಲಾಗಲಿ ಇಲ್ಲ. ಆಟವನ್ನು ಯಾರು ಆಡುತ್ತಾರೆ ಎಂಬುದರಲ್ಲಿದೆ. ಕರಾವಳಿಯಲ್ಲಿ ಊರೂರು ಸಂಚರಿಸುವ ವೃತ್ತಿಮೇಳಗಳಿವೆ. ಮೂಡಲಪಾಯದಲ್ಲಿ ಆಡುವವರು ಬಹುಮಟ್ಟಿಗೆ ಆಯಾ ಊರಿನ ರೈತರು, ಕುಶಲಕರ್ಮಿಗಳು, ಕೂಲಿ ಮಾಡುವವರು. ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ದೇವಸ್ಥಾನದ ಅಂಗಳದಲ್ಲಿಯೋ ಚಾವಡಿಯಲ್ಲಿಯೋ ರಾತ್ರಿಯ ಊಟದ ನಂತರ ಅಭ್ಯಾಸ ಆರಂಭವಾಗುತ್ತದೆ. ಭಾಗವತರು ಪದ ಹೇಳಿಕೊಡುತ್ತಾರೆ, ಹೆಜ್ಜೆ ತಿದ್ದುತ್ತಾರೆ, ಮಾತು ಒಪ್ಪಿಸಿಕೊಳ್ಳುತ್ತಾರೆ. ಹೀಗೆ ತಿಂಗಳುಗಟ್ಟಲೆ ನಡೆದ ತಾಲೀಮಿನ ಫಲವನ್ನು ಊರ ಹಬ್ಬ ಅಥವಾ ಜಾತ್ರೆಯ ಒಂದು ರಾತ್ರಿ ಅಟ್ಟದ ಮೇಲೆ ಬೆಳಗಿನವರೆಗೆ ಆಡಿ ತೋರಿಸಲಾಗುತ್ತದೆ. ಅಟ್ಟ ಕಟ್ಟಲು ಮರ ಕೊಡುವವರು, ಚಪ್ಪರ ಹಾಕುವವರು, ಕಲಾವಿದರಿಗೆ ಊಟ ಬಡಿಸುವವರು ಎಲ್ಲರೂ ಊರಿನವರೇ. ಪ್ರೇಕ್ಷಕರಲ್ಲಿ ಅನೇಕರಿಗೆ ಪದಗಳು ಬಾಯಿಪಾಠವಾಗಿರುವುದರಿಂದ ಅಟ್ಟದ ಮೇಲೆ ತಪ್ಪಿದವನು ಮರುದಿನ ಬಾವಿಕಟ್ಟೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಆಟವು ಗಣಪತಿ ಸ್ತುತಿ, ಕೋಡಂಗಿ, ಬಾಲಗೋಪಾಲ ಮುಂತಾದ ಪೂರ್ವರಂಗದೊಂದಿಗೆ ತೊಡಗುತ್ತದೆ. ಪ್ರತಿ ಪಾತ್ರವೂ ಪ್ರವೇಶಿಸಿದಾಗ ಸಾರಥಿಯು ಅದರ ಹೆಸರು, ಊರು, ಬಂದ ಕಾರಣಗಳನ್ನು ಕೇಳಿ ಹೇಳಿಸುತ್ತಾನೆ. ಹಾಸ್ಯದ ಹೊಣೆಯೂ ಅವನದೇ. ಹಗುರವಾದ ಮರದಲ್ಲಿ ಕೊರೆದು, ಬೇಗಡೆ ಹಾಗೂ ಕನ್ನಡಿ ಚೂರುಗಳನ್ನು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ವೇಷದ ವೈಶಿಷ್ಟ್ಯ. ಮದ್ದಳೆ ಮತ್ತು ತಾಳದೊಂದಿಗೆ ಮುಖವೀಣೆಯು ಹಿಮ್ಮೇಳದಲ್ಲಿರುತ್ತದೆ. ಈ ಚಿಕ್ಕ ಊದುವಾದ್ಯದ ತೀಕ್ಷ್ಣವಾದ ದನಿಯೇ ಮೂಡಲಪಾಯದ ಗುರುತು. ಅದನ್ನು ನುಡಿಸುವವರು ವಿರಳವಾದುದರಿಂದ ಹಲವೆಡೆ ಆ ಸ್ಥಾನಕ್ಕೆ ಹಾರ್ಮೋನಿಯಂ ಬಂದಿದೆ.

ಕರಾವಳಿಯ ಆಟದಲ್ಲಿ ಅರ್ಥಗಾರಿಕೆಯು ವೇಷಧಾರಿಯ ಆಶುಭಾಷಣ. ಇಲ್ಲಿ ಮಾತು ಸಹ ಬಹುಪಾಲು ಪ್ರಸಂಗದ ಪುಸ್ತಕದಲ್ಲಿಯೇ ಬರೆದಿರುತ್ತದೆ. ಆದಕಾರಣ ಪುಸ್ತಕವಿದ್ದರೆ ಆಟ ಉಳಿದಂತೆಯೇ ಎಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಹಾಗಿಲ್ಲ. ಪದದ ತಲೆಯ ಮೇಲೆ ರಾಗ ಹಾಗೂ ತಾಳದ ಹೆಸರಿದ್ದರೂ, ಆ ರಾಗವನ್ನು ಆ ಊರಿನ ಪರಂಪರೆಯಲ್ಲಿ ಹೇಗೆ ಎತ್ತಿಕೊಳ್ಳಬೇಕು, ಯಾವ ಅಕ್ಷರಕ್ಕೆ ಯಾವ ಹೆಜ್ಜೆ ಬೀಳಬೇಕು ಎಂಬುದು ಬರಹದಲ್ಲಿಲ್ಲ. ಅದು ಭಾಗವತರ ಕಂಠದಲ್ಲಿಯೂ ಹಳೆಯ ವೇಷಧಾರಿಗಳ ಕಾಲಿನಲ್ಲಿಯೂ ಇದೆ. ಶಿಷ್ಯರಿಲ್ಲದೆ ಭಾಗವತರೊಬ್ಬರು ತೀರಿಕೊಂಡರೆ ಅವರ ಪೆಟ್ಟಿಗೆಯಲ್ಲಿರುವ ಪುಸ್ತಕಗಳು ಓದಲು ಬರುತ್ತವೆಯೇ ಹೊರತು ಆಡಲು ಬರುವುದಿಲ್ಲ.

ಈ ಕಲೆಯ ಇಳಿಮುಖಕ್ಕೆ ಸಿನಿಮಾ ಮತ್ತು ದೂರದರ್ಶನಗಳನ್ನು ಕಾರಣವಾಗಿ ಹೇಳುವುದು ವಾಡಿಕೆ. ಇದು ಪೂರ್ಣ ಸತ್ಯವಲ್ಲ. ಹಳೇ ಮೈಸೂರು ಭಾಗದ ಗ್ರಾಮಗಳಲ್ಲಿ ಕುರುಕ್ಷೇತ್ರದಂತಹ ಪೌರಾಣಿಕ ನಾಟಕಗಳು ಇಂದಿಗೂ ಉತ್ಸಾಹದಿಂದ ನಡೆಯುತ್ತಿವೆ. ಊರಿನವರೇ ಚಂದಾ ಎತ್ತಿ, ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ಕಲಿಯುತ್ತಾರೆ. ಅಂದರೆ ಊರು ಕೂಡಿ ಆಡುವ ಹಂಬಲ ಬತ್ತಿಲ್ಲ, ಅದು ಬೇರೊಂದು ಪ್ರಕಾರಕ್ಕೆ ಹರಿದಿದೆ. ನಾಟಕಕ್ಕೆ ಕುಣಿತದ ಕಠಿಣ ಅಭ್ಯಾಸ ಬೇಕಿಲ್ಲ. ಸೀನರಿ, ಉಡುಪು, ಮೇಷ್ಟರು ಎಲ್ಲವೂ ಬಾಡಿಗೆಗೆ ದೊರೆಯುತ್ತವೆ. ಮೂಡಲಪಾಯದ ಭಾಗವತರು ಹಾಗೆ ಸುಲಭವಾಗಿ ದೊರೆಯುವುದಿಲ್ಲ. ಕೊರತೆ ಇರುವುದು ಪ್ರೇಕ್ಷಕರಿಗಿಂತ ಹೆಚ್ಚಾಗಿ ಕಲಿಸುವವರಿಗೆ.

ಯುನೆಸ್ಕೋ ಸಂಸ್ಥೆಯು 2003ರಲ್ಲಿ ಅಂಗೀಕರಿಸಿದ, ಭಾರತವು 2005ರಲ್ಲಿ ಸಮ್ಮತಿಸಿದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಯು ಸಂರಕ್ಷಣೆಗೆ ಇದೇ ಅರ್ಥವನ್ನು ನೀಡಿದೆ. ದಾಖಲೀಕರಣ ಹಾಗೂ ಸಂಶೋಧನೆಗಳ ಜೊತೆಗೆ ಮುಂದಿನ ಪೀಳಿಗೆಗೆ ಕಲಿಸಿ ಒಪ್ಪಿಸುವ ಕ್ರಿಯೆಯನ್ನೂ ಅದು ಸಂರಕ್ಷಣೆಯ ಅಂಗವೆಂದು ಪರಿಗಣಿಸುತ್ತದೆ. ಈ ಒಡಂಬಡಿಕೆಯ ಪ್ರಾತಿನಿಧಿಕ ಪಟ್ಟಿಗೆ 2010ರಲ್ಲಿ ಸೇರಿದ ಕೇರಳದ ಮುಡಿಯೇಟ್ಟು ಇಲ್ಲಿ ಸ್ಮರಣೀಯ. ಸುಗ್ಗಿಯ ನಂತರ ಭದ್ರಕಾಳಿ ದೇವಾಲಯಗಳಲ್ಲಿ ನಡೆಯುವ ಆ ಆಟದಲ್ಲಿ ಬಿದಿರು ಮತ್ತು ಚರ್ಮ ಒದಗಿಸುವುದು, ಅಡಕೆ ಹಾಳೆಯ ಮುಖವಾಡ ತರುವುದು, ಅದಕ್ಕೆ ಬಣ್ಣ ಬಳಿಯುವುದು, ಪಂಜು ಉರಿಸುವುದು, ಬಟ್ಟೆ ಮಡಿ ಮಾಡುವುದು ಬೇರೆ ಬೇರೆ ಸಮುದಾಯಗಳ ಹೊಣೆ. ಊರನ್ನು ಬಿಟ್ಟು ಆಟವನ್ನು ಮಾತ್ರ ಎತ್ತಿ ಉಳಿಸಲಾಗದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಮೂಡಲಪಾಯವು ಆ ಪಟ್ಟಿಯಲ್ಲಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ಭಾಗವತರಿಗೆ ಶಿಷ್ಯರು ಹುಟ್ಟಿಬರುವುದೂ ಇಲ್ಲ.

ಉತ್ಸವಗಳ ವೇದಿಕೆಯಿಂದ ಕಲಾವಿದರಿಗೆ ಗೌರವವೂ ಸಂಭಾವನೆಯೂ ದೊರೆಯುತ್ತವೆ, ಅದು ಅವಶ್ಯ. ಆದರೆ ಅರ್ಧ ಗಂಟೆಯ ಪ್ರದರ್ಶನಕ್ಕೆ ಒಡ್ಡೋಲಗ ಹಾಗೂ ಯುದ್ಧದ ಕುಣಿತಗಳಷ್ಟೇ ಸಾಕಾಗುತ್ತವೆ. ಬೆಳಗಿನ ಜಾವದಲ್ಲಿ ಬರುವ ಕರುಣರಸದ ಪದಗಳು, ಚಿಕ್ಕ ಪಾತ್ರಗಳು, ಸಾರಥಿಯ ಬಿಡುಬೀಸಾದ ಮಾತು ಅಲ್ಲಿಗೆ ಬೇಕಾಗುವುದಿಲ್ಲ. ಬೇಡವಾದುದು ಕ್ರಮೇಣ ಮರೆತುಹೋಗುತ್ತದೆ. ಊರಿನಲ್ಲಿ ಇಡೀ ರಾತ್ರಿಯ ಆಟವೊಂದು ನಡೆಯುವುದು ನಗರದ ಹತ್ತು ಪ್ರದರ್ಶನಗಳಿಗಿಂತ ಹೆಚ್ಚಿನ ಸಂರಕ್ಷಣೆಯಾಗುತ್ತದೆ.

ತಮ್ಮ ಊರಿನಲ್ಲಿ ಹಿಂದೆ ಆಟ ನಡೆಯುತ್ತಿದ್ದಲ್ಲಿ ಗ್ರಾಮಸ್ಥರು ಮೊದಲು ಪ್ರಸಂಗದ ಕೈಬರಹದ ಪುಸ್ತಕ ಮತ್ತು ತಾಳೆಗರಿಗಳು ಯಾರ ಮನೆಯಲ್ಲಿವೆ ಎಂದು ವಿಚಾರಿಸಿ, ಗೆದ್ದಲು ಹಾಗೂ ತೇವದಿಂದ ಕಾಪಾಡಿ, ಪ್ರತಿ ಮಾಡಿಸಿಡುವುದು ಸೂಕ್ತ. ಮರದ ಒಡವೆಗಳನ್ನು ಹಳೆಯ ವಸ್ತುಗಳ ವ್ಯಾಪಾರಿಗಳಿಗೆ ಮಾರಬಾರದು. ಭಾಗವತರು ಹಾಡುವುದನ್ನು ಧ್ವನಿಮುದ್ರಿಸುವಾಗ ಜನಪ್ರಿಯ ಪದಗಳನ್ನಷ್ಟೇ ಆಯ್ದುಕೊಳ್ಳದೆ, ಪ್ರಸಂಗವನ್ನು ಮೊದಲ ಪದದಿಂದ ಮಂಗಳದವರೆಗೆ ಹಾಡಿಸಬೇಕು. ಕಲಿಯಲಿಚ್ಛಿಸುವ ಇಬ್ಬರು ಮೂವರು ಯುವಕ ಯುವತಿಯರು ಎದುರಿಗೆ ಕುಳಿತು ಜೊತೆಗೆ ಹಾಡಿದರೆ ಮುದ್ರಿಕೆಯೊಂದಿಗೆ ಪಾಠವೂ ಆಗುತ್ತದೆ. ಸ್ತ್ರೀವೇಷವನ್ನು ಗಂಡಸರೇ ಧರಿಸುತ್ತಿದ್ದ ಈ ಕಲೆಯಲ್ಲಿ ಹೆಣ್ಣುಮಕ್ಕಳಿಗೂ ಹೆಜ್ಜೆ ಕಲಿಸಿದರೆ ಕಲಿಯುವವರ ಸಂಖ್ಯೆ ಹೆಚ್ಚುವುದು. ಭಾಗವತರು ವೃದ್ಧರಾಗಿರುವ ಊರುಗಳಲ್ಲಿ ಈ ಕೆಲಸವನ್ನು ಮುಂದಿನ ಸುಗ್ಗಿಯವರೆಗೆ ಮುಂದೂಡದಿರುವುದು ಒಳಿತು.